ರಕ್ತನಾಳಗಳ ಹೊಸ ಬೆಳವಣಿಗೆ ಮತ್ತು ವಂಶವಾಹಿ ವೈವಿಧ್ಯ: ಇತಿಹಾಸ

ಇರುವ ರಕ್ತನಾಳಗಳು ಕವಲೊಡೆದು ಹೊಸ ನಾಳಗಳಾಗುವುದು ಭ್ರೂಣದ ಬೆಳವಣಿಗೆಗೂ ಗಾಯ ಮಾಯುವುದಕ್ಕೂ ಅಗತ್ಯ. ಕ್ಯಾನ್ಸರ್ ಗಡ್ಡೆಯಲ್ಲಿ, ಮಧುಮೇಹಿಯ ಅಕ್ಷಿಪಟಲದಲ್ಲಿ ಅದೇ ಕೇಡು. ಗಡ್ಡೆ ಬೆಳೆಯಲು ಹೊಸ ನಾಳಗಳು ಬೇಕೇ ಬೇಕು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದ ಮೇಲೆ, ನಾಳಗಳನ್ನು ಚಿಗುರಿಸುವ ಸಂಕೇತಗಳ ಹುಡುಕಾಟ ಬಿರುಸಾಯಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ಅಂಥ ಒಂದು ಸಂಕೇತವಾದ ವಿಇಜಿಎಫ್ ಪ್ರೋಟೀನನ್ನು ಗುರುತಿಸಿದರು. ಆದರೆ ಸಂಕೇತ ಎಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ. ಅದಕ್ಕೆ ದೇಹ ಎಷ್ಟು ಓಗೊಡುತ್ತದೆ ಎಂಬುದು ಹುಟ್ಟಿನಿಂದ ಬಂದ ವಂಶವಾಹಿಗಳ ಮೇಲೂ ನಿಂತಿದೆ ಎಂಬುದನ್ನು ಮುಂದಿನ ದಶಕಗಳ ಪ್ರಯೋಗಗಳು ಸ್ಪಷ್ಟಪಡಿಸಿದವು.

ವಿಇಜಿಎಫ್ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ಕಳೆದುಕೊಂಡ ಇಲಿಯ ಭ್ರೂಣಗಳು ನಾಳಗಳು ಸರಿಯಾಗಿ ರೂಪುಗೊಳ್ಳದೆ ಗರ್ಭದಲ್ಲೇ ಸಾಯುತ್ತವೆ ಎಂದು 1996ರಲ್ಲಿ ಎರಡು ತಂಡಗಳು ತೋರಿಸಿದವು. ಅಂದರೆ ವಂಶವಾಹಿಯ ಪ್ರಮಾಣವೇ ಇಲ್ಲಿ ನಿರ್ಣಾಯಕ. 2000ದಲ್ಲಿ ರಾಬರ್ಟ್ ಡಿ'ಅಮಾಟೊ ತಂಡ ಬೇರೆ ಬೇರೆ ತಳಿಯ ಆರೋಗ್ಯವಂತ ಇಲಿಗಳನ್ನು ಹೋಲಿಸಿತು. ಕಣ್ಣಿನ ಕಾರ್ನಿಯಾದಲ್ಲಿ ಸಹಜವಾಗಿ ರಕ್ತನಾಳಗಳಿಲ್ಲ. ಅದರೊಳಗೆ ಬೆಳವಣಿಗೆಯ ಅಂಶವಿರುವ ಪುಟ್ಟ ಗುಳಿಗೆಯನ್ನು ಹುದುಗಿಸಿದರೆ ಅಂಚಿನಿಂದ ಒಳನುಗ್ಗುವ ಪ್ರತಿಯೊಂದು ನಾಳವೂ ಕಣ್ಣಿಗೆ ಬೀಳುತ್ತದೆ, ಅದು ಆವರಿಸಿದ ಜಾಗವನ್ನು ಅಳೆಯಬಹುದು. ಗುಳಿಗೆ ಒಂದೇ ಆದರೂ ತಳಿಯಿಂದ ತಳಿಗೆ ಬೆಳವಣಿಗೆ ಸುಮಾರು 10 ಪಟ್ಟು ವ್ಯತ್ಯಾಸವಾಯಿತು.

ಒಳಸಂಬಂಧದಿಂದ ಬೆಳೆಸಿದ ಪ್ರಯೋಗಾಲಯದ ಇಲಿಗಳ ಮಾತು ಮನುಷ್ಯರಿಗೆ ಅನ್ವಯಿಸದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮನುಷ್ಯರಲ್ಲೂ ನೇರ ಸಾಕ್ಷ್ಯವಿದೆ. 1993ರಲ್ಲಿ ಪತ್ತೆಯಾದ ವಿಎಚ್‌ಎಲ್ ವಂಶವಾಹಿ ಕೆಟ್ಟರೆ ಜೀವಕೋಶ ಆಮ್ಲಜನಕ ಸಾಲದೆಂಬಂತೆ ವರ್ತಿಸಿ ವಿಇಜಿಎಫ್ ಸುರಿಸುತ್ತದೆ. ಅಕ್ಷಿಪಟಲದಲ್ಲಿ, ಮಿದುಳಿನಲ್ಲಿ ನಾಳಗಳ ಗಂಟುಗಳೇಳುತ್ತವೆ. ಡೌನ್ ಸಿಂಡ್ರೋಮ್ ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷಿ: 21ನೇ ವರ್ಣತಂತುವಿನ ಮೂರು ಪ್ರತಿಗಳಿರುವ ಈ ಸ್ಥಿತಿಯವರಲ್ಲಿ ಘನ ಗಡ್ಡೆಗಳು ಅಪರೂಪ. ಅವರ ಆಯುಸ್ಸು, ಜೀವನಕ್ರಮ ಬೇರೆಯಾದ್ದರಿಂದ ಹೀಗಿರಬಹುದು ಎನ್ನುವವರಿಗೆ 2009ರ ಪ್ರಯೋಗ ಉತ್ತರ ಕೊಟ್ಟಿತು: ಅದೇ ವರ್ಣತಂತುವಿನ ಡಿಎಸ್‌ಸಿಆರ್1 ವಂಶವಾಹಿಯ ಒಂದೇ ಒಂದು ಹೆಚ್ಚುವರಿ ಪ್ರತಿ ಇಲಿಗಳಲ್ಲಿ ಹೊಸ ನಾಳಗಳನ್ನು ತಡೆದು ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು.

ಇಂಥ ಅಪರೂಪದ ಸ್ಥಿತಿಗಳಿಂದ ಸಾಮಾನ್ಯರ ಬಗ್ಗೆ ಎಲ್ಲವನ್ನೂ ಊಹಿಸಲಾಗದು. ವಿಇಜಿಎಫ್ ವಂಶವಾಹಿಯಲ್ಲಿನ ಸಣ್ಣ ವ್ಯತ್ಯಾಸಗಳನ್ನು ರೋಗಗಳಿಗೆ ಜೋಡಿಸಿದ ಅಧ್ಯಯನಗಳ ಫಲಿತಾಂಶಗಳು ಹಲವು ಬಾರಿ ಪರಸ್ಪರ ತಾಳೆಯಾಗಿಲ್ಲ. ಇದು ವಾದವನ್ನು ಕೆಡವುವುದಿಲ್ಲ. ಹಲವು ವಂಶವಾಹಿಗಳು ಸ್ವಲ್ಪಸ್ವಲ್ಪವೇ ಕೈಜೋಡಿಸುವ ಕ್ರಿಯೆಯಲ್ಲಿ ಒಂದನ್ನೇ ಹುಡುಕಿದರೆ ಹೀಗಾಗುವುದು ಸಹಜ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೆವಾಸಿಝುಮ್ಯಾಬ್‌ನಂಥ ನಾಳರೋಧಕ ಔಷಧಗಳ ಗುಣ ಎಲ್ಲ ರೋಗಿಗಳಲ್ಲೂ ಒಂದೇ ರೀತಿ ಕಾಣುವುದಿಲ್ಲ. ಆದ್ದರಿಂದ ಗಡ್ಡೆಯ ಜೊತೆಗೆ ರೋಗಿಯ ಆನುವಂಶಿಕ ಹಿನ್ನೆಲೆಯನ್ನೂ ಪರಿಶೀಲಿಸುವುದು ಈ ಕ್ಷೇತ್ರದ ಮುಂದಿರುವ ಕರ್ತವ್ಯ.