ಕಮಲಕ್ಕೆ 12, ಬಾಗಿಲಿಗೆ 40

ಅಪ್ಪ ತೀರಿಕೊಂಡ ಮೇಲೆ ಅವರ ಫೋಟೊ ಸ್ಟುಡಿಯೊದ ಸಾಮಾನೆಲ್ಲ ರಾಮತೀರ್ಥ ನಗರದ ನಮ್ಮ ಮನೆಗೆ ಬಂತು. ಒಂದು ಟ್ರಂಕಿನ ತಳದಲ್ಲಿ ಕಮಲ ಬಸದಿಯ ಕಪ್ಪು-ಬಿಳುಪು ಪ್ರಿಂಟ್ ಸಿಕ್ಕಿತು. ಹಿಂಬದಿಗೆ ಪೆನ್ಸಿಲಿನಲ್ಲಿ ಅವರದೇ ಅಕ್ಷರ: ‘ಕಮಲಕ್ಕೆ 12, ಬಾಗಿಲಿಗೆ 40’. ಅದು ಸೆಕೆಂಡುಗಳ ಲೆಕ್ಕ.

ಬೆಳಗಾವಿ ಕೋಟೆಯೊಳಗಿನ ಈ ಬಸದಿಯನ್ನು 1204ರಲ್ಲಿ ಕಟ್ಟಿಸಿದವನು ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಗರ್ಭಗುಡಿಯಲ್ಲಿ ನೇಮಿನಾಥ, ಮಂಟಪದ ಛತ್ತಿನಿಂದ ಕಲ್ಲಿನ ಕಮಲ ತಲೆಕೆಳಗಾಗಿ ಇಳಿಬಿದ್ದಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕರಿಗಲ್ಲಿನ ನೆರಳು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅದು ಕಷ್ಟ. ಕಮಲ ಕಾಣುವಷ್ಟು ಹೊತ್ತು ಶಟರ್ ತೆರೆದರೆ ಬಾಗಿಲು ಬರೀ ಬಿಳಿ ಕಲೆಯಾಗುತ್ತದೆ.

ಅಪ್ಪ ಆ ಜಗಳವನ್ನು ಡಾರ್ಕ್‌ರೂಮಿನಲ್ಲಿ ಬಗೆಹರಿಸುತ್ತಿದ್ದರು. ಎನ್‌ಲಾರ್ಜರ್ ದೀಪ ಹಚ್ಚಿ 12 ಸೆಕೆಂಡಾದ ಕೂಡಲೇ ಅಂಗೈಯಿಂದ ಕಮಲವನ್ನು ಮರೆಮಾಡಿ, ಬೆರಳ ಸಂದಿಯಿಂದ ಬಾಗಿಲಿನ ಭಾಗಕ್ಕಷ್ಟೇ ಬೆಳಕು ಬಿಡುವರು. “ಕೈ ಅಲ್ಲಾಡಸ್ತಿರು, ಇಲ್ಲಾಂದ್ರ ಗೆರಿ ಬೀಳ್ತದ” ಎಂದು ನನಗೆ ಹೇಳಿಕೊಟ್ಟರು. ಅಂಗೈಯ ಆ ಸಣ್ಣ ನಡುಕದಲ್ಲೇ ಬೆಳಕು ಮತ್ತು ನೆರಳಿನ ಅಂಚು ಕರಗುತ್ತಿತ್ತು.

ಈ ತೊಡಕು ಛಾಯಾಗ್ರಹಣ ಹುಟ್ಟಿದಾಗಿನಿಂದಲೂ ಇದೆ. 1855ರಲ್ಲಿ ಮುಂಬಯಿ ಸರ್ಕಾರಕ್ಕಾಗಿ ವಿಜಾಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ ಥಾಮಸ್ ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಆಗಿನ ರಾಸಾಯನಿಕಗಳು ನೀಲಿ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿದ್ದವು. ಕಲ್ಲಿನ ಕೆತ್ತನೆ ಮೂಡುವಷ್ಟರಲ್ಲಿ ಆಕಾಶ ಬಿಳಿಚಿ ಹೋಗಿರುತ್ತಿತ್ತು. ಅದೇ ಕಾಲಕ್ಕೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಮಾಡಿ, ಎರಡನ್ನೂ ಒಂದೇ ಪ್ರಿಂಟಿನಲ್ಲಿ ಕೂಡಿಸಿದ. ನನ್ನ ಕಂಪ್ಯೂಟರ್ ಇವತ್ತು ಮಾಡುವ ಕೆಲಸದ ಮೂಲ ಅಲ್ಲೇ ಇದೆ.

ಹೊಸ ದಾರಿ ತೆರೆದದ್ದು 1997ರಲ್ಲಿ. ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಒಂದೇ ನೋಟದ ಹಲವು ಎಕ್ಸ್‌ಪೋಶರ್‌ಗಳಿಂದ ಅಲ್ಲಿನ ಬೆಳಕಿನ ನಿಜವಾದ ಏರಿಳಿತವನ್ನು ಲೆಕ್ಕ ಹಾಕುವ ವಿಧಾನ ತೋರಿಸಿದರು. ಅಂಥ ಲೆಕ್ಕ ಮಾಡುವ ಲ್ಯೂಮಿನೆನ್ಸ್ ಎಚ್‌ಡಿಆರ್ ಎಂಬ ತಂತ್ರಾಂಶ ಲಿನಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಅದರ ಹೆಸರು ಕ್ಯೂಟಿಪಿಎಫ್‌ಎಸ್‌ಗುಯಿ. ನನ್ನ ಹಳೆಯ ಕಂಪ್ಯೂಟರಿಗೆ ಉಬುಂಟು ಹಾಕಿಸಿದಾಗ ನಾನು ಮೊದಲು ಕಲಿತದ್ದು ಅದನ್ನೇ. ಕೂಡಿಸಿದ ಫೈಲಿನಲ್ಲಿ ಮಾನಿಟರ್ ತೋರಿಸಲಾಗದಷ್ಟು ಬೆಳಕಿನ ವ್ಯಾಪ್ತಿ ಇರುತ್ತದೆ. ಅದನ್ನು ಟೋನ್ ಮ್ಯಾಪಿಂಗ್‌ನಿಂದ ಹಿಡಿತಕ್ಕೆ ತರಬೇಕು. ಅದರ ಗುಂಡಿಗಳನ್ನು ಹೆಚ್ಚು ತಿರುಗಿಸಿದರೆ ಕಂಬಗಳ ಸುತ್ತ ಬಿಳಿ ಪ್ರಭೆ ಕಟ್ಟಿ, ಎಂಟುನೂರು ವರ್ಷದ ಕಲ್ಲು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಆ ಬಗೆಯ ಚಿತ್ರಗಳನ್ನು ಕಂಡರೆ ನನಗೆ ಸಂಕಟ.

ಈಗ ನಾನು ನೆಚ್ಚಿಕೊಂಡಿರುವುದು ಎನ್‌ಫ್ಯೂಸ್ ಎಂಬ ತಂತ್ರಾಂಶವನ್ನು. 2007ರಲ್ಲಿ ಟಾಮ್ ಮೆರ್ಟೆನ್ಸ್ ಮತ್ತು ಸಂಗಡಿಗರು ಹೇಳಿದ ವಿಧಾನ ಅದರದು: ಪ್ರತಿ ಚಿತ್ರದಲ್ಲೂ ಚೆನ್ನಾಗಿ ಮೂಡಿದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ನೇರವಾಗಿ ಬೆಸೆಯುವುದು. ಅಪ್ಪನ ಅಂಗೈಗೆ ಇದು ಹತ್ತಿರದ ನೆಂಟ.

ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಕಂಬಕ್ಕೆ ಬೆನ್ನುಕೊಟ್ಟು, ಉಸಿರು ಬಿಗಿಹಿಡಿದು ಬೇರೆ ಬೇರೆ ಎಕ್ಸ್‌ಪೋಶರ್‌ನ ಮೂರು ಫ್ರೇಮ್ ತೆಗೆಯುತ್ತೇನೆ. ಕೈ ಅಷ್ಟಿಷ್ಟು ಕದಲಿದ್ದನ್ನು ಹ್ಯೂಗಿನ್ ತಂತ್ರಾಂಶದ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಸರಿಹೊಂದಿಸುತ್ತದೆ. ಜನ ಕದಲಿದರೆ ಬೇರೆಯೇ ಫಜೀತಿ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಎರಡು ಗರ್ಭಗುಡಿಗಳು ಎದುರುಬದುರಾಗಿರುವ ಭೂವರಾಹ ನರಸಿಂಹ ಗುಡಿಯ ಮಂಟಪದಲ್ಲಿ, ಒಬ್ಬ ಅಜ್ಜಿ ನಡೆದು ಹೋದರು. ಚಿತ್ರದಲ್ಲಿ ಮೂವರು ಮಸುಕು ಅಜ್ಜಿಯರು ಮೂಡಿದ್ದರು. ಚಿತ್ರ ತಿದ್ದುವ ಗಿಂಪ್‌ನಲ್ಲಿ ಮಾಸ್ಕ್ ಹಾಕಿ ಒಂದೇ ಫ್ರೇಮಿನ ಅಜ್ಜಿಯನ್ನು ಉಳಿಸಿಕೊಂಡೆ. ಅವರನ್ನು ಪೂರ್ತಿ ಅಳಿಸಲು ಮನಸ್ಸಾಗಲಿಲ್ಲ.

ಹೋದ ವಾರ ಕಮಲದ ಹೊಸ ಪ್ರಿಂಟ್ ಹಾಕಿಸಿ ಅಪ್ಪನದರ ಪಕ್ಕ ಇಟ್ಟೆ. ನನ್ನದರಲ್ಲಿ ಎಸಳುಗಳ ಗೆರೆ ಹೆಚ್ಚು ಸ್ಪಷ್ಟ. ಅವರದರಲ್ಲಿ ಛತ್ತಿನ ಮೂಲೆ ಕಪ್ಪಾಗಿಯೇ ಇದೆ. ಅಲ್ಲಿ ನಿಂತಾಗ ನನಗೂ ಅದು ಕಾಣುವುದು ಹಾಗೆಯೇ. ಮತ್ತೆ ಕೂತು ಗಾಢವಾದ ಫ್ರೇಮಿಗೆ ಇನ್ನಷ್ಟು ತೂಕ ಕೊಟ್ಟು ಬೆಸೆದೆ. ಆ ಪ್ರಿಂಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ: ‘1/250, 1/60, 1/15. ಮೂಲೆ ಕಪ್ಪಿರಲಿ.’