ಮಹಡಿಯ ಪಾಠ, ಕೆಳಮನೆಯ ಮಾತು

“ಗಂಡ ಒಳ್ಳೆಯವನಾಗಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ.” ಹೆಣ್ಣುಮಕ್ಕಳ ಮದುವೆಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತಿದು. ಇದು ಎಷ್ಟರಮಟ್ಟಿಗೆ ನಿಜ ಎಂದು ಯೋಚಿಸುವಾಗ ನನಗೆ ನೆನಪಾಗುವವರು ಪುಣೆಯ ರಮಾಬಾಯಿ ರಾನಡೆ. ಅವರ ಗಂಡ ಮಹಾದೇವ ಗೋವಿಂದ ರಾನಡೆ ಒಳ್ಳೆಯವರಷ್ಟೇ ಅಲ್ಲ, ಆ ಕಾಲದ ದೊಡ್ಡ ವಿದ್ವಾಂಸರು, ನ್ಯಾಯಾಧೀಶರು, ಸಮಾಜ ಸುಧಾರಕರು. ಅಂಥವರ ಕೈಹಿಡಿದ ಹೆಣ್ಣಿನ ಬಾಳು ಹೂವಿನ ಹಾಸಿಗೆಯಾಗಿತ್ತೇ?

ರಮಾಬಾಯಿ 1910ರಲ್ಲಿ ಮರಾಠಿಯಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನಮ್ಮ ಬಾಳಿನ ಕೆಲವು ನೆನಪುಗಳು’. ‘ನನ್ನ’ ಅಲ್ಲ, ‘ನಮ್ಮ’. ನಮ್ಮ ಅಜ್ಜಿಯರು ಗಂಡನ ಹೆಸರು ಹೇಳದೆ ‘ಅವರು’, ‘ಮನೆಯವರು’ ಎನ್ನುತ್ತಿದ್ದರಲ್ಲ, ಆಕೆಯದೂ ಅದೇ ರೀತಿ. ಆದರೆ ‘ಅವರ’ ವಿಷಯ ಹೇಳುತ್ತ ಹೇಳುತ್ತಲೇ ಆಕೆ ತನ್ನ ಕಥೆಯನ್ನೂ ಹೇಳಿಬಿಟ್ಟಿದ್ದಾರೆ.

ಆ ಮದುವೆಯ ಆರಂಭವೇ ಕಹಿ. ರಾನಡೆಯವರ ಮೊದಲ ಹೆಂಡತಿ 1873ರಲ್ಲಿ ತೀರಿಕೊಂಡರು. ವಿಧವಾ ವಿವಾಹದ ಪರವಾಗಿ ಕೆಲಸ ಮಾಡುತ್ತಿದ್ದ ಮಗ ಎಲ್ಲಿ ವಿಧವೆಯನ್ನೇ ಮದುವೆಯಾಗಿಬಿಡುತ್ತಾನೋ ಎಂದು ತಂದೆಗೆ ದಿಗಿಲು. ಅದೇ ವರ್ಷ ಹುಡುಗಿಯನ್ನು ಗೊತ್ತುಮಾಡಿ, ಮಗನನ್ನು ಒಪ್ಪಿಸಿ ಮದುವೆ ಮುಗಿಸಿದರು. ವರನಿಗೆ 31, ವಧುವಿಗೆ 11. ಅಪ್ಪನ ಮಾತು ಮೀರಲಾರದೆ ತಮ್ಮ ತತ್ವವನ್ನೇ ಬಿಟ್ಟುಕೊಟ್ಟರೆಂದು ಊರೆಲ್ಲ ರಾನಡೆಯವರನ್ನು ಆಡಿಕೊಂಡಿತು. ತನ್ನಿಂದಾಗಿ ಗಂಡನಿಗೆ ಅವಮಾನವಾಯಿತೆಂಬುದು ಆ ಹುಡುಗಿಗೆ ಆಗ ಹೇಗೆ ತಿಳಿಯಬೇಕು?

ಸೋತ ಮನಸ್ಸಿನಲ್ಲೂ ರಾನಡೆ ಒಂದು ಒಳ್ಳೆಯ ಕೆಲಸ ಮಾಡಿದರು. ಅಕ್ಷರವೇ ಬಾರದ ಹೆಂಡತಿಗೆ ತಾವೇ ಕೂತು ಕಲಿಸತೊಡಗಿದರು. ರಾತ್ರಿ ಮಹಡಿಯ ಮೇಲೆ ಪಾಠ. ಮೊದಲು ಮರಾಠಿ, ಆಮೇಲೆ ಇಂಗ್ಲಿಷ್. ಓದಿದ ಹೆಣ್ಣು ಗಂಡನನ್ನು ಕಳೆದುಕೊಳ್ಳುತ್ತಾಳೆಂದು ಜನ ನಂಬಿದ್ದ ಕಾಲದಲ್ಲಿ ಗಂಡನೇ ಹೆಂಡತಿಯ ಕೈಗೆ ಪುಸ್ತಕ ಕೊಟ್ಟ. ಬೆಂಬಲ ಎಂದರೆ ಇದಕ್ಕಿಂತ ಇನ್ನೇನು ಬೇಕು ಎನ್ನಿಸುತ್ತದೆ.

ಆದರೆ ಪಾಠ ರಾತ್ರಿ ಮಾತ್ರ. ಹಗಲೆಲ್ಲ ರಮಾಬಾಯಿ ಇರಬೇಕಾದದ್ದು ಕೆಳಗೆ, ಅತ್ತೆ, ನಾದಿನಿ ಮತ್ತಿತರ ಬಂಧು ಹೆಂಗಸರ ನಡುವೆ. ಮೇಲೆ ಕಲಿತ ಪ್ರತಿಯೊಂದು ಅಕ್ಷರಕ್ಕೂ ಕೆಳಗೆ ಸುಂಕ ಕಟ್ಟಬೇಕಾಗಿತ್ತು. ಚುಚ್ಚು ಮಾತು, ಅಣಕ, ಕೆಲವೊಮ್ಮೆ ಮಾತೇ ಇಲ್ಲದ ಮೌನ. ಇಂಗ್ಲಿಷ್ ಕಲಿಸಲು ಬರುತ್ತಿದ್ದ ಬಿಳಿಯ ಶಿಕ್ಷಕಿಯ ಬಳಿ ಕೂತು ಎದ್ದರೆ ಮೈಲಿಗೆ.

ಈ ಹೆಂಗಸರನ್ನು ಕೆಟ್ಟವರೆಂದು ದೂರುವುದು ಸುಲಭ. ನನಗೇಕೋ ಹಾಗೆ ಅನ್ನಿಸುವುದಿಲ್ಲ. ನಾದಿನಿ ದುರ್ಗಾ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ವಿಧವೆಯರ ಪರವಾಗಿ ನಾಡಿನಲ್ಲೆಲ್ಲ ಮಾತಾಡಿದ ಅಣ್ಣನಿಗೆ ಸ್ವಂತ ತಂಗಿಗೆ ಮರುಮದುವೆ ಮಾಡಿಸಲಾಗಲಿಲ್ಲ. ಆ ತಂಗಿಯ ಕಣ್ಣೆದುರು ಅದೇ ಅಣ್ಣ ಪುಟ್ಟ ಹೆಂಡತಿಗೆ ಪಾಠ ಹೇಳುತ್ತಿದ್ದಾನೆ! ಗಂಡನ ಕೈ ಒಂದೇ ಹೆಣ್ಣಿಗೆ ಆಸರೆ ಎನ್ನುವ ಮನೆಯಲ್ಲಿ, ಆ ಕೈ ಇಲ್ಲದವಳಿಗೆ ಇರುವವಳ ಮೇಲೆ ಸಿಟ್ಟು ಬಾರದೆ ಇರುತ್ತದೆಯೇ?

1878ರಲ್ಲಿ ರಾನಡೆಯವರಿಗೆ ನಾಸಿಕಕ್ಕೆ ವರ್ಗವಾಯಿತು. ಹಿರಿಯರಿಲ್ಲದ ಸಂಸಾರ. ರಮಾಬಾಯಿ ಉಸಿರಾಡುವಂತಾದದ್ದು, ಓದು ಬೇಗ ಮುಂದೆ ಸಾಗಿದ್ದು ಅಲ್ಲಿ. ವರ್ಗವಾಗಿ ಬೇರೆ ಊರಿಗೆ ಹೋದಮೇಲೆ ಗಂಡನ ಪರಿಚಯವಾಯಿತು ಎನ್ನುವ ಹೆಂಗಸರು ನಮ್ಮಲ್ಲೂ ಎಷ್ಟು ಮಂದಿ ಇಲ್ಲ!

ಪುಣೆಗೆ ಮರಳಿದ ಮೇಲೆ ಮತ್ತೆ ಅದೇ ಗೋಳು. 1882ರಲ್ಲಿ ಪಂಡಿತಾ ರಮಾಬಾಯಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ರಮಾಬಾಯಿ ಅಲ್ಲಿನ ಸಭೆಗಳಿಗೆ ಹೋಗತೊಡಗಿದರು. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕೆಂದು ಗವರ್ನರರ ಮುಂದೆ ಇಂಗ್ಲಿಷಿನಲ್ಲಿ ಮನವಿ ಓದಿದರು, ಬರೆದುಕೊಟ್ಟವರು ರಾನಡೆ. ಆ ಶಾಲೆ 1884ರಲ್ಲಿ ತೆರೆಯಿತು. ಸಭೆಯಲ್ಲಿ ಚಪ್ಪಾಳೆ, ಮನೆಯಲ್ಲಿ ಬೈಗಳು. ಆಗ ರಾನಡೆ ಹೇಳುತ್ತಿದ್ದುದು ಒಂದೇ: ಸಹಿಸಿಕೋ, ಎದುರು ಮಾತಾಡಬೇಡ. ಅವರು ಸಭೆಗೆ ಹೋಗಬೇಡ ಎನ್ನಲಿಲ್ಲ, ಕೆಳಗಿಳಿದು ಬಂದು ಆಕೆಯ ಪರವಾಗಿ ಮಾತಾಡಲೂ ಇಲ್ಲ. ಹೆಂಡತಿಯ ಮೇಲೆ ಬೇಸರವಾದಾಗ ಅವರ ಅಸ್ತ್ರ ಮೌನ. ಆ ಮೌನ ಮುರಿಯುವವರೆಗೆ ತಾನು ಪಟ್ಟ ಸಂಕಟವನ್ನು ರಮಾಬಾಯಿ ಮುಚ್ಚಿಟ್ಟಿಲ್ಲ.

ಹಾಗಾದರೆ ಅದು ಗುರು ಶಿಷ್ಯೆಯರ ಸಂಬಂಧವಷ್ಟೇ ಆಗಿತ್ತೇ? ಮೊದಮೊದಲು ಹೌದು. ವರ್ಷಗಳು ಕಳೆದಂತೆ ಬದಲಾಯಿತು. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ ಶಾಲೆಯಲ್ಲಿ ನಡೆದ ಸಭೆಗೆ ರಾನಡೆ, ತಿಲಕರು ಮೊದಲಾದವರು ಹೋಗಿದ್ದರು. ಅಲ್ಲಿ ಚಹ ಕೊಟ್ಟರೆಂದು ಊರಲ್ಲಿ ದೊಡ್ಡ ಗಲಾಟೆ ಎದ್ದಿತು. 1892ರಲ್ಲಿ ರಾನಡೆ, ಗೆಳೆಯರ ಕಷ್ಟ ನೋಡಲಾರದೆ, ಪ್ರಾಯಶ್ಚಿತ್ತ ಮಾಡಿಕೊಂಡರು. ರಮಾಬಾಯಿಗೆ ಇದು ಸರಿಬೀಳಲಿಲ್ಲ. ತಪ್ಪೇ ಮಾಡದವರು ಪ್ರಾಯಶ್ಚಿತ್ತ ಏಕೆ ಮಾಡಿಕೊಳ್ಳಬೇಕು? ತಮಗಾದ ನೋವನ್ನು ಆಕೆ ಪುಸ್ತಕದಲ್ಲಿ ಬರೆದೂ ಇದ್ದಾರೆ. 11 ವರ್ಷದ ವಧುವಿಗೆ ಅರ್ಥವಾಗದೆ ಹೋದ ಗಂಡನ ಸೋಲು, 30 ವರ್ಷದ ಹೆಂಡತಿಗೆ ಅರ್ಥವಾಯಿತು. ಅಕ್ಷರ ಕಲಿಸಿದವನನ್ನೇ ಅಳೆದು ನೋಡುವ ಶಕ್ತಿ ಬಂದದ್ದೂ ಅದೇ ಅಕ್ಷರದಿಂದ. ಅವರ ದಾಂಪತ್ಯ ನಿಜವಾಗಿ ಬೆಳೆದದ್ದು ಇಲ್ಲಿ ಎಂದು ನನಗೆ ತೋರುತ್ತದೆ.

ಅದೇ ಪುಣೆಯಲ್ಲಿ ಇನ್ನೊಂದು ಜೋಡಿ ಇತ್ತು. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮರುವರ್ಷ ಇಬ್ಬರೂ ಮನೆ ಬಿಟ್ಟು ಹೊರಬೀಳಬೇಕಾಯಿತು. ಇಲ್ಲಿ ಬಹಿಷ್ಕಾರ ಇಬ್ಬರಿಗೂ ಸಮ. 1888ರಲ್ಲಿ ಜೋತಿಬಾರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಕೊನೆಯ ಪುಸ್ತಕವನ್ನು ಅವರು ಎಡಗೈಯಲ್ಲಿ ಬರೆದರು, ಆರೈಕೆ ಸಾವಿತ್ರಿಬಾಯಿಯದು. 1890ರಲ್ಲಿ ಅವರು ತೀರಿಕೊಂಡಾಗ ಶವಯಾತ್ರೆಯ ಮುಂದೆ ಮಡಕೆ ಹಿಡಿದು ನಡೆದವರು ಸಾವಿತ್ರಿಬಾಯಿ. ಈ ಎರಡೂ ದಂಪತಿಗಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಆ ಕಾಲದಲ್ಲಿ ಇನ್ನೊಂದು ಮದುವೆಗೆ ಅಷ್ಟು ನೆಪ ಸಾಕಾಗಿತ್ತು. ಇಬ್ಬರು ಗಂಡಸರೂ ಅದನ್ನು ಮಾಡಲಿಲ್ಲ ಎಂಬುದನ್ನು ಮರೆಯಬಾರದು.

ಒಂದು ಮಾವಿನಹಣ್ಣಿನ ಪ್ರಸಂಗವಿದೆ. ಗೆಳೆಯರು ಕಳಿಸಿದ ಹಣ್ಣನ್ನು ರಮಾಬಾಯಿ ಹೆಚ್ಚಿ ಮುಂದಿಟ್ಟರೆ ರಾನಡೆ ಒಂದೆರಡು ಹೋಳು ತಿಂದು ಸಾಕೆಂದರು. ರುಚಿಯಾಗಿಲ್ಲವೇನೋ ಎಂದು ಆಕೆಗೆ ಕಳವಳ. ರುಚಿಯಾಗಿದೆ, ಅದಕ್ಕೇ ಸಾಕು, ನಾಲಿಗೆಯನ್ನು ಹಿಡಿತದಲ್ಲಿಡಬೇಕು ಎಂಬುದು ಅವರ ವಾದ. ಓದಿದಾಗ ನನಗೆ ನಗು ಬಂತು, ಜೊತೆಗೆ ಮರುಕವೂ. ಪ್ರೀತಿಯಿಂದ ಹೆಚ್ಚಿದ ಹಣ್ಣು ತಿನ್ನುವುದಕ್ಕೂ ತತ್ವ ಅಡ್ಡಬರಬೇಕೇ? ಆದರೆ ಅಷ್ಟು ವರ್ಷಗಳ ಮೇಲೂ ರಮಾಬಾಯಿ ನೆನಪಿಟ್ಟು ಬರೆದದ್ದು ಇಂಥವನ್ನೇ.

1901ರ ಜನವರಿ 16ರಂದು ರಾನಡೆ ತೀರಿಕೊಂಡರು. ರಮಾಬಾಯಿಗೆ ಇನ್ನೂ 40 ತುಂಬಿರಲಿಲ್ಲ. ದುರ್ಗಾ ಇದ್ದ ಸ್ಥಿತಿಗೆ ಈಗ ತಾನೂ ಬಂದರು. ಕೆಲಕಾಲ ಮನೆಯ ಮೂಲೆ ಹಿಡಿದರು. ಆಮೇಲೆ ಎದ್ದು ಹೊರಬಂದು, 1909ರಲ್ಲಿ ಪುಣೆಯಲ್ಲಿ ಸೇವಾ ಸದನ ಕಟ್ಟಿದರು. ವಿಧವೆಯರಿಗೆ, ಗತಿಯಿಲ್ಲದ ಹೆಂಗಸರಿಗೆ ಅಲ್ಲಿ ಓದು, ದಾದಿಯ ತರಬೇತಿ, ತಮ್ಮ ಕಾಲ ಮೇಲೆ ನಿಲ್ಲುವ ಕೆಲಸ. ಹೆಂಗಸರಿಗೆ ಮತದ ಹಕ್ಕು ಸಿಗಬೇಕೆಂದೂ ದುಡಿದರು. 1924ರಲ್ಲಿ ತೀರಿಕೊಳ್ಳುವವರೆಗೆ ಬಿಡುವಿಲ್ಲದ ಬದುಕು.

ಮಹಡಿಯ ಮೇಲೆ ಗಂಡ ಕೊಟ್ಟದ್ದನ್ನು ರಮಾಬಾಯಿ ಕೊನೆಯವರೆಗೆ ಕೃತಜ್ಞತೆಯಿಂದ ನೆನೆದರು. ಕೆಳಮನೆಯಲ್ಲಿ ಯಾರೂ ಕೊಡದಿದ್ದುದನ್ನು ತಾವೇ ಬೇರೆ ಹೆಂಗಸರಿಗಾಗಿ ಕಟ್ಟಿಕೊಟ್ಟರು. ಒಳ್ಳೆಯ ಗಂಡ ಸಿಗುವುದು ಭಾಗ್ಯವೇ ಸರಿ. ಆದರೆ ಸೊಸೆ ಪುಸ್ತಕ ಹಿಡಿದು ಕೂತಾಗ ಒಲೆಯ ಮುಂದಿನ ಕೆಲಸವನ್ನು ಅರ್ಧ ಗಂಟೆ ತಾನು ನೋಡಿಕೊಳ್ಳುವ ಅತ್ತೆಯೋ, ನಾದಿನಿಯೋ, ಪಕ್ಕದ ಮನೆಯ ಗೆಳತಿಯೋ ಇದ್ದರೆ, ಆ ಭಾಗ್ಯದ ಬೆಲೆ ಇನ್ನೂ ಎಷ್ಟು ಹೆಚ್ಚುತ್ತಿತ್ತು! ಅದು ಮಾತ್ರ ಗಂಡಸರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.