ಗಿರಣಿಯಿಂದ ಹೊಲಕ್ಕೆ: ಚಾರ್ಟಿಸ್ಟರ ಭೂಯೋಜನೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಗಿರಣಿ ಪಟ್ಟಣಗಳ ಸಾವಿರಾರು ಕಾರ್ಮಿಕರು, ನಗರವನ್ನು ಬಿಟ್ಟು ಹಳ್ಳಿಯಲ್ಲಿ ಸಂಸಾರ ಹೂಡುವ ಆಸೆಯಿಂದ, ವಾರದ ಕೂಲಿಯಲ್ಲಿ ಕೆಲವು ಪೆನ್ನಿಗಳನ್ನು ಉಳಿಸಿ ಒಂದು ಕಂಪನಿಗೆ ಚಂದಾ ಕಟ್ಟಿದರು. ಚಾರ್ಟಿಸ್ಟ್ ಭೂಯೋಜನೆ ಎಂದು ಹೆಸರಾದ ಈ ಪ್ರಯತ್ನ ಆರೇ ವರ್ಷಗಳಲ್ಲಿ ಕುಸಿದುದರಿಂದ, ಕಳೆದುಹೋದ ಕಾಲಕ್ಕೆ ಮರಳುವ ಹುಸಿ ಕನಸೆಂದು ಅದನ್ನು ಬದಿಗೆ ಸರಿಸುವುದುಂಟು. ಅದರ ಹುಟ್ಟು, ನಡೆ ಮತ್ತು ಸೋಲನ್ನು ಒಟ್ಟಾಗಿ ನೋಡಿದರೆ, ದುಡಿಯುವ ಕುಟುಂಬವು ಒಂದೇ ಸೂರಿನಡಿ, ತನ್ನ ಹೊತ್ತಿನ ಮೇಲೆ ತಾನೇ ಅಧಿಕಾರ ಹೊಂದಿ ಬಾಳುವ ಹಕ್ಕನ್ನು ಕೇಳಿದ ರಾಜಕೀಯ ಬೇಡಿಕೆಯೊಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಬೇಡಿಕೆಗೆ ಕಾರಣಗಳಿದ್ದವು. ಬಡವರ ನೆರವಿನ ವ್ಯವಸ್ಥೆಯನ್ನು ಬದಲಿಸಿದ 1834ರ ಕಾಯಿದೆಯು, ಸರ್ಕಾರಿ ನೆರವು ಕೋರುವವರನ್ನು ದುಡಿಮೆಮನೆಗಳಿಗೆ, ಅಂದರೆ ಕೆಲಸಕ್ಕೆ ಪ್ರತಿಯಾಗಿ ಅನ್ನ ಮತ್ತು ಆಸರೆ ನೀಡುವ ಕಟ್ಟುನಿಟ್ಟಿನ ವಸತಿಗಳಿಗೆ ಸೇರಿಸಲು ಹೊರಟಿತು. ಅಲ್ಲಿ ಗಂಡ, ಹೆಂಡತಿ ಮತ್ತು ಮಕ್ಕಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಇರಿಸಲಾಗುತ್ತಿತ್ತು. ಗಿರಣಿಗಳಲ್ಲಿ ಹೆಂಗಸರೂ ಮಕ್ಕಳೂ ಯಂತ್ರದ ವೇಗಕ್ಕೆ ಹೊಂದಿಕೊಂಡು ದಿನವಿಡೀ ದುಡಿಯುತ್ತಿದ್ದರು. ವಯಸ್ಕ ಪುರುಷರೆಲ್ಲರಿಗೂ ಮತದಾನದ ಹಕ್ಕು ಸೇರಿದಂತೆ ಆರು ಬೇಡಿಕೆಗಳನ್ನು ಮುಂದಿಟ್ಟ 1838ರ ‘ಜನತೆಯ ಸನ್ನದು’ ಚಾರ್ಟಿಸ್ಟ್ ಚಳವಳಿಗೆ ಹೆಸರನ್ನೂ ಗುರಿಯನ್ನೂ ಕೊಟ್ಟಿತು. 1839 ಮತ್ತು 1842ರಲ್ಲಿ ಸಲ್ಲಿಸಿದ ಬೃಹತ್ ಮನವಿಗಳನ್ನು ಸಂಸತ್ತು ತಳ್ಳಿಹಾಕಿದ ಮೇಲೆ, ಚಳವಳಿಯ ಐರಿಷ್ ನಾಯಕ ಫಿಯರ್ಗಸ್ ಓ’ಕಾನರ್ ಭೂಮಿಯ ಕಡೆಗೆ ತಿರುಗಿದನು. ದುಡಿಯುವವರು ಹೊಲಕ್ಕೆ ಹೋದರೆ ನಗರದಲ್ಲಿ ಕೆಲಸಕ್ಕಾಗಿ ನಡೆಯುವ ಪೈಪೋಟಿ ತಗ್ಗಿ ಅಲ್ಲಿ ಉಳಿದವರ ಕೂಲಿಯೂ ಏರುವುದೆಂಬುದು ಅವನ ವಾದವಾಗಿತ್ತು.

1845ರಲ್ಲಿ ಆರಂಭವಾಗಿ ಮುಂದೆ ನ್ಯಾಷನಲ್ ಲ್ಯಾಂಡ್ ಕಂಪನಿ ಎನಿಸಿಕೊಂಡ ಸಂಸ್ಥೆಯು ಸದಸ್ಯರ ಹಣದಿಂದ ಜಮೀನು ಕೊಂಡು, ಅದನ್ನು ಎರಡು, ಮೂರು ಮತ್ತು ನಾಲ್ಕು ಎಕರೆಗಳ ಹಿಡುವಳಿಗಳಾಗಿ ವಿಂಗಡಿಸಿ, ಚೀಟಿ ಎತ್ತಿ ಸದಸ್ಯರಿಗೆ ಹಂಚುತ್ತಿತ್ತು. ಹಿಡುವಳಿ ಪಡೆದವನು ಕಂಪನಿಗೆ ಗೇಣಿ ಕೊಡಬೇಕಿತ್ತು. ಬಂದ ಹಣ ಮತ್ತು ಜಮೀನಿನ ಅಡಮಾನದಿಂದ ಮುಂದಿನ ಜಮೀನನ್ನು ಕೊಳ್ಳುವುದು ಯೋಜನೆಯ ಲೆಕ್ಕಾಚಾರವಾಗಿತ್ತು. ಓ’ಕಾನರನು 1843ರಲ್ಲಿ ಸಣ್ಣ ಹಿಡುವಳಿಗಳ ನಿರ್ವಹಣೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದನು. ನೇಗಿಲಿನ ಬದಲು ಗುದ್ದಲಿಯಿಂದ ಆಳವಾಗಿ ಅಗೆದು, ಧಾರಾಳವಾಗಿ ಗೊಬ್ಬರ ಹಾಕುವ ಗುದ್ದಲಿ ಬೇಸಾಯದಿಂದ ಇಷ್ಟು ಚಿಕ್ಕ ಹೊಲವೂ ಒಂದು ಕುಟುಂಬವನ್ನು ಸಾಕಬಲ್ಲದೆಂದು ಅವನು ನಂಬಿದ್ದನು.

ಮೊದಲ ನೆಲೆಯಾದ ಹೆರನ್ಸ್‌ಗೇಟ್ ಲಂಡನ್ನಿನ ವಾಯವ್ಯಕ್ಕೆ, ಹರ್ಟ್‌ಫರ್ಡ್‌ಶೈರಿನಲ್ಲಿತ್ತು. ಸುಮಾರು 103 ಎಕರೆಯಲ್ಲಿ 35 ಮನೆಗಳನ್ನು ಕಟ್ಟಿ, ನಾಯಕನ ಹೆಸರಿನಲ್ಲಿ ಓ’ಕಾನರ್‌ವಿಲ್ ಎಂದು ಕರೆದ ಆ ಊರಿಗೆ 1847ರ ಮೇ ತಿಂಗಳಲ್ಲಿ ಕುಟುಂಬಗಳು ಬಂದು ಸೇರಿದವು. ಒಂದೇ ಅಂತಸ್ತಿನ ಗಟ್ಟಿಮುಟ್ಟಾದ ಮನೆಯ ನಡುವೆ ಅಡುಗೆಕೋಣೆ, ಎರಡು ಬದಿಗೆ ಒಂದೊಂದು ಕೋಣೆ, ಹಿಂಬದಿಗೆ ಹೈನು ಮತ್ತು ಉಗ್ರಾಣಗಳಿಗೆ ಜಾಗ ಇದ್ದವು. ಮಕ್ಕಳಿಗಾಗಿ ಶಾಲೆಯನ್ನೂ ಕಟ್ಟಲಾಯಿತು. ಗಿರಣಿಯ ಗಂಟೆಗೆ ಏಳುತ್ತಿದ್ದ ಮಕ್ಕಳಿಗೆ ಶಾಲೆಯನ್ನೂ, ಬಾಡಿಗೆ ಕೋಣೆಯಲ್ಲಿ ಇಕ್ಕಟ್ಟಾಗಿದ್ದ ಸಂಸಾರಕ್ಕೆ ಹಿತ್ತಿಲನ್ನೂ ಕೊಡಲು ಹೊರಟ ಈ ವಿನ್ಯಾಸವೇ ಯೋಜನೆಯ ಅತ್ಯುತ್ತಮ ವಾದವೆನ್ನಬೇಕು. ಮುಂದಿನ ಎರಡು ವರ್ಷಗಳಲ್ಲಿ ಲೋಬ್ಯಾಂಡ್ಸ್, ಸ್ನಿಗ್ಸ್ ಎಂಡ್, ಚಾರ್ಟರ್‌ವಿಲ್ ಮತ್ತು ಗ್ರೇಟ್ ಡಾಡ್‌ಫರ್ಡ್ ಎಂಬ ಇನ್ನೂ ನಾಲ್ಕು ನೆಲೆಗಳು ತಲೆಯೆತ್ತಿದವು.

ಕಷ್ಟಗಳು ಬೇಗನೆ ಮುತ್ತಿದವು. ಮಗ್ಗ ಮತ್ತು ಗಿರಣಿಗಳಲ್ಲಿ ಪಳಗಿದ ಕೈಗಳಿಗೆ ಮಣ್ಣಿನ ಕೆಲಸ ಹೊಸದಾಗಿತ್ತು, ಮೊದಲ ಫಸಲು ಕೈಸೇರುವವರೆಗೆ ಸಾಗುವಷ್ಟು ಬಂಡವಾಳ ಹೆಚ್ಚಿನವರಲ್ಲಿ ಇರಲಿಲ್ಲ, ಮತ್ತು ಓ’ಕಾನರನು ಬಹುವಾಗಿ ನೆಚ್ಚಿದ್ದ ಆಲೂಗೆಡ್ಡೆಯೇ 1845ರಿಂದ ಯುರೋಪಿನಲ್ಲಿ ಹರಡಿದ ಅಂಗಮಾರಿ ರೋಗಕ್ಕೆ ತುತ್ತಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಲೆಕ್ಕದಲ್ಲಿತ್ತು: ಸುಮಾರು 70,000 ಜನ ಚಂದಾ ಕಟ್ಟಿದ್ದರೂ ಹಿಡುವಳಿ ದೊರೆತದ್ದು ಸುಮಾರು 250 ಕುಟುಂಬಗಳಿಗೆ ಮಾತ್ರ, ಆ ವೇಗದಲ್ಲಿ ಎಲ್ಲರ ಸರದಿ ಅವರ ಜೀವಮಾನದಲ್ಲಿ ಬರುವಂತಿರಲಿಲ್ಲ. 1848ರಲ್ಲಿ ಸಂಸತ್ತಿನ ಸಮಿತಿಯು ಯೋಜನೆಯು ಕಾನೂನಿಗೆ ಹೊಂದುವುದಿಲ್ಲವೆಂದೂ ಲೆಕ್ಕಪತ್ರಗಳು ಅಸ್ತವ್ಯಸ್ತವಾಗಿವೆಯೆಂದೂ ಹೇಳಿತು. ಓ’ಕಾನರನು ಹಣ ನುಂಗಿರಲಿಲ್ಲ, ತನ್ನ ಸ್ವಂತ ಹಣವನ್ನೇ ಅದರಲ್ಲಿ ತೊಡಗಿಸಿದ್ದನೆಂಬುದೂ ಅದೇ ತನಿಖೆಯಿಂದ ತಿಳಿಯಿತು. 1851ರ ಕಾಯಿದೆಯೊಂದು ಕಂಪನಿಯನ್ನು ಮುಚ್ಚಿತು. ಬುದ್ಧಿಸ್ವಾಸ್ಥ್ಯ ಕಳೆದುಕೊಂಡಿದ್ದ ಓ’ಕಾನರ್ 1855ರಲ್ಲಿ ತೀರಿಕೊಂಡನು.

ಕಂಪನಿ ಅಳಿದರೂ ನೆಲೆಗಳು ಅಳಿಯಲಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಹೆಚ್ಚು ದೂರವಿಲ್ಲದ ಡಾಡ್‌ಫರ್ಡಿನಲ್ಲಿ ರೈತರು ಕ್ರಮೇಣ ಸ್ಟ್ರಾಬೆರಿ ಬೆಳೆಗೆ ಹೊರಳಿ, ಚಿಕ್ಕ ಹಿಡುವಳಿಗಳಿಂದಲೇ ನಗರದ ಪೇಟೆಗೆ ಹಣ್ಣು ಕಳುಹಿಸಿದರು. ಅಲ್ಲಿಯ ರೋಸ್‌ಡೀನ್ ಎಂಬ ಮನೆಯನ್ನು ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಸಂರಕ್ಷಿಸಿದೆ. ಕೆಲವೇ ಎಕರೆಗಳು ಸಂಸಾರವೊಂದರ ಬದುಕಿಗೆ ಆಧಾರವಾಗಬೇಕಾದರೆ ತಕ್ಕ ಬೆಳೆ, ಹತ್ತಿರದ ಮಾರುಕಟ್ಟೆ ಮತ್ತು ಕಾಯುವಷ್ಟು ಬಂಡವಾಳ ಬೇಕೆಂಬುದನ್ನು ಡಾಡ್‌ಫರ್ಡ್ ತೋರಿಸಿಕೊಟ್ಟಿತು. ಹಳ್ಳಿಗೆ ಹೊರಟ ಕಾರ್ಮಿಕರು ಹಂಬಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹಂಬಲಕ್ಕೆ ಬೇಕಾದ ಹಣವನ್ನೂ ಕಾಲವನ್ನೂ ಒದಗಿಸುವ ಹೊಣೆಯನ್ನು ಬಡವರ ಪೆನ್ನಿಗಳ ಮೇಲೆಯೇ ಹೊರಿಸಿದ್ದು ಯೋಜನೆಯ ಮೂಲದೋಷವಾಗಿತ್ತು.